ಆರ್-ಸ್ಕ್ವೇರ್ 0.9 ಬಂದರೆ ವಾಸ್ತವ ಸಿಕ್ಕಿತೇ?

"ಆರ್-ಸ್ಕ್ವೇರ್ 0.9 ಇರುವ ಮಾದರಿ ಅರ್ಥವ್ಯವಸ್ಥೆಯ ನಿಜ ರಚನೆಯನ್ನು ಹಿಡಿದಿದೆ" ಎಂಬ ಲೇಖನದ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಆರ್-ಸ್ಕ್ವೇರ್ ಎಂದರೆ ಅಂಕಿಗಳ ಏರಿಳಿತದಲ್ಲಿ ಮಾದರಿ ವಿವರಿಸುವ ಪಾಲು; ಎರಡೇ ಸರಣಿಗಳಿದ್ದರೆ ಅದು ಅವುಗಳ ಸಹಸಂಬಂಧದ ವರ್ಗ. 1926ರಲ್ಲೇ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ ತೋರಿಸಿದ್ದರು: 1866ರಿಂದ 1911ರವರೆಗೆ ಇಂಗ್ಲೆಂಡಿನ ಮದುವೆಗಳಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದವುಗಳ ಪಾಲಿಗೂ ಸಾವಿನ ದರಕ್ಕೂ ಸಹಸಂಬಂಧ 0.95. ವರ್ಗ ಮಾಡಿದರೆ ನಿಮ್ಮ 0.9 ಸಿಕ್ಕೇಬಿಟ್ಟಿತು! ಎರಡೂ ಇಳಿಮುಖವಾಗಿದ್ದವು, ಅಷ್ಟೇ.

ಜಿಡಿಪಿ, ಬೆಲೆ ಸೂಚ್ಯಂಕ, ಹಣದ ಪೂರೈಕೆ ಎಲ್ಲವೂ ಹೀಗೆ ಒಂದೇ ದಿಕ್ಕಿಗೆ ಸರಿಯುವ ಸರಣಿಗಳೇ. 1974ರಲ್ಲಿ ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಪರಸ್ಪರ ಸಂಬಂಧವೇ ಇಲ್ಲದ, 50 ಅಂಕಿಗಳ ಯಾದೃಚ್ಛಿಕ ನಡಿಗೆಯ ಸರಣಿಗಳನ್ನು (ಹಿಂದಿನ ಅಂಕಿಗೆ ಒಂದು ಯಾದೃಚ್ಛಿಕ ಹೆಜ್ಜೆ ಸೇರಿಸಿದರೆ ಮುಂದಿನದು) ಕಂಪ್ಯೂಟರಿನಲ್ಲಿ ಸೃಷ್ಟಿಸಿ ಜೋಡಿ ಜೋಡಿಯಾಗಿ ರಿಗ್ರೆಶನ್ ಮಾಡಿದರು, ಅಂದರೆ ಒಂದಕ್ಕೆ ಇನ್ನೊಂದರಿಂದ ರೇಖೆ ಹೊಂದಿಸಿದರು. ಸುಮಾರು ಮುಕ್ಕಾಲು ಪಾಲು ಸಲ ಟಿ-ಪರೀಕ್ಷೆ (ಅಂದಾಜನ್ನು ಅದರ ಪ್ರಮಾಣಿತ ದೋಷದಿಂದ ಭಾಗಿಸಿ ನೋಡುವುದು) "ಸಂಬಂಧ ಇದೆ" ಎಂದಿತು. ಉಳಿಕೆಗಳು (ನಿಜ ಅಂಕಿಗೂ ರೇಖೆ ಹೇಳಿದ್ದಕ್ಕೂ ಇರುವ ಅಂತರ) ಒಂದರ ಬಾಲ ಇನ್ನೊಂದು ಹಿಡಿದು ಸಾಗುವುದರಿಂದ ಪ್ರಮಾಣಿತ ದೋಷ, ಅಂದರೆ ಅಂದಾಜಿನ ಅನಿಶ್ಚಿತತೆಯ ಅಳತೆ, ಇರಬೇಕಾದ್ದಕ್ಕಿಂತ ತೀರಾ ಚಿಕ್ಕದಾಗಿ ಬರುತ್ತದೆ.

ಆದ್ದರಿಂದ ಮೊದಲು, ಉಳಿಕೆಗಳು ಹೀಗೆ ಬಾಲ ಹಿಡಿದಿವೆಯೇ ಎಂದು ಅಳೆಯುವ ಡರ್ಬಿನ್-ವಾಟ್ಸನ್ ಅಂಕಿ ನೋಡಿ. ಅದು 2ರ ಆಸುಪಾಸಿನಲ್ಲಿರಬೇಕು. ಆರ್-ಸ್ಕ್ವೇರ್‌ಗಿಂತಲೂ ಕೆಳಗಿದ್ದರೆ ಅಲ್ಲೇ ನಿಲ್ಲಿಸಿ. ವರ್ಷದಿಂದ ವರ್ಷಕ್ಕಾದ ವ್ಯತ್ಯಾಸ ತೆಗೆದು ಮತ್ತೆ ರಿಗ್ರೆಶನ್ ಮಾಡಿ, ಇಲ್ಲವೇ ಉಳಿಕೆಗಳಿಗೆ ಯೂನಿಟ್ ರೂಟ್ ಪರೀಕ್ಷೆ (ಅವೂ ಯಾದೃಚ್ಛಿಕ ನಡಿಗೆಯಂತೆ ಅಲೆಯುತ್ತಿವೆಯೇ ಎಂದು ನೋಡುವುದು) ಮಾಡಿ. ಅಲ್ಲಿ ಫಲಿತಾಂಶವನ್ನು ಹೋಲಿಸಲು ಈ ಪರೀಕ್ಷೆಯ ಮಾಮೂಲಿ ಡಿಕಿ-ಫುಲ್ಲರ್ ಕೋಷ್ಟಕ ನಡೆಯದು (ಬಹಳ ಜನ ಎಡವುವುದು ಇಲ್ಲೇ), ಎಂಗಲ್-ಗ್ರೇಂಜರ್ ಕೋಷ್ಟಕವೇ ಬೇಕು.

ಇದೆಲ್ಲ ಪಾಸಾದರೂ ರಚನೆ ಸಿಕ್ಕಿತೆಂದಲ್ಲ. ಬ್ರಿಟನ್ನಿನ 1861ರಿಂದ 1913ರ ಅಂಕಿಗಳಿಗೆ ಅರ್ಥಶಾಸ್ತ್ರಜ್ಞ ಫಿಲಿಪ್ಸ್ ಹೊಂದಿಸಿದ ನಿರುದ್ಯೋಗ-ವೇತನದ ರೇಖೆ 1950ರ ದಶಕಕ್ಕೂ ಒಗ್ಗಿತ್ತು. ಬೆಲೆ ಏರುತ್ತಲೇ ಇರುತ್ತದೆಂದು ಜನ ಎಣಿಸತೊಡಗಿದ 1970ರ ದಶಕದಲ್ಲಿ ಅದೇ ರೇಖೆ ಮುರಿದುಬಿತ್ತು.