ಹಿಂದಿನ ಮೂಲೆಯ ಪ್ಲಗ್

ಕಾರಿನ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚುವ ಕೊಳವೆಯಂಥ ಉಪಕರಣ, ಅಂದರೆ ಸಾಕೆಟ್ಟಿನ ಒಳಗೆ ಒಂದು ರಬ್ಬರ್ ಬಳೆ ಇರುತ್ತದೆ. ಪ್ಲಗ್ ಜಾರಿ ಬೀಳದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ಆ ಕೆಲಸವನ್ನು ಅದು ಎಷ್ಟು ನಿಷ್ಠೆಯಿಂದ ಮಾಡುತ್ತದೆಂದರೆ, ಹೊಸ ಪ್ಲಗ್ಗನ್ನು ಬಿಗಿ ಮಾಡಿ, ಸಾಕೆಟ್ಟಿಗೆ ಸಿಕ್ಕಿಸಿದ ಎಕ್ಸ್‌ಟೆನ್ಶನ್ ರಾಡನ್ನು ಹಿಂದಕ್ಕೆಳೆದರೆ ರಾಡು ಮಾತ್ರ ಕೈಗೆ ಬರುತ್ತದೆ. ಸಾಕೆಟ್ಟು ಪ್ಲಗ್ಗನ್ನು ತಬ್ಬಿಕೊಂಡು ಎರಡು ಪೈಪುಗಳ ನಡುವಿನ ಸಂದಿಯಲ್ಲೇ ಉಳಿದುಬಿಡುತ್ತದೆ. ಮತ್ತೆ ರಾಡು ತೂರಿಸಿ, ಕಟಕ್ಕೆಂದು ಕೂರಿಸಿ, ಉಸಿರು ಬಿಗಿಹಿಡಿದು ಎಳೆದರೆ ಮತ್ತೆ ರಾಡು ಮಾತ್ರ. ರಬ್ಬರಿನ ಬದಲು ಆಯಸ್ಕಾಂತ ಇಟ್ಟ ಸಾಕೆಟ್ಟುಗಳೂ ಸಿಗುತ್ತವೆ. ಅವು ಸಿಗುತ್ತವೆ ಎಂಬುದು ನೆನಪಾಗುವುದು ಮಾತ್ರ ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡ ಮೇಲೆ.

ಹಾಗೆ ಸಿಕ್ಕಿಕೊಂಡ ಸಾಕೆಟ್ಟನ್ನೇ ದಿಟ್ಟಿಸುತ್ತ ಕುಳಿತಿದ್ದಾಗ ನನಗೆ ಅಂಟಿಕೊಳ್ಳುವುದರ ಬಗ್ಗೆ ಒಂದು ದೊಡ್ಡ ಹೊಳಹು ಸಿಕ್ಕಿತು. ಅದನ್ನು ಹೇಳಲೆಂದೇ ಬರೆಯಲು ಕುಳಿತದ್ದು. ಅದಕ್ಕೂ ಮೊದಲು, ಪ್ಲಗ್ ಬದಲಿಸುವುದು ಅರ್ಧ ಗಂಟೆಯ ಕೆಲಸ ಎನ್ನುವವರ ವಿಚಾರವನ್ನು ಮುಗಿಸಿಬಿಡುತ್ತೇನೆ.

ಈ ಅರ್ಧ ಗಂಟೆಯನ್ನು ಅಳೆದವರು ಯಾರು? ಎಂಜಿನ್ನಿನ ನೆತ್ತಿಯ ಮೇಲೆ ನಾಲ್ಕು ಪ್ಲಗ್ ಸಾಲಾಗಿ ನಿಂತಿರುವ ಕಾರಿನವರು ಬೇಕಾದರೆ ಹೇಳಲಿ, ಅವರಿಗೆ ಹಕ್ಕಿದೆ. ನನ್ನದು ಎರಡು ಸೀಟಿನ, ಎಂಟು ಸಿಲಿಂಡರಿನ ಹಳೆಯ ಕಾರು. ಕೂರುವವರು ಇಬ್ಬರು, ಎಳೆಯುವವು ಎಂಟು. ಈ ಲೆಕ್ಕವನ್ನು ಮನೆಯಲ್ಲಿ ಯಾರಿಗೂ ಒಪ್ಪಿಸಲು ಆಗಿಲ್ಲ. ನೋಡುವವರ ಕಣ್ಣಿಗೆ ಬಾನೆಟ್ ತಗ್ಗಾಗಿ ಕಾಣಬೇಕು, ಅದಕ್ಕಾಗಿ ಎಂಜಿನ್ ಹಿಂದಕ್ಕೂ ಕೆಳಕ್ಕೂ ಸರಿಯಬೇಕು. ಹಾಗೆ ಸರಿದ ಎಂಜಿನ್ನಿನ ಕೊನೆಯ ಪ್ಲಗ್ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ವಿನ್ಯಾಸ ಮಾಡಿದವರು ಯೋಚಿಸಿರುವುದಿಲ್ಲ. ಅವರು ಯಾರೂ ತಮ್ಮ ಕೈಯಿಂದ ಅದನ್ನು ಬಿಚ್ಚಿದವರಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಬಿಚ್ಚಿದ್ದರೆ ಅವರ ಬೆರಳ ಗೆಣ್ಣುಗಳ ಮೇಲೆ ಗುರುತಿರುತ್ತಿತ್ತು.

ನನ್ನ ಸಂಕಟ ಒಂಟಿಯಲ್ಲ ಎಂಬುದಷ್ಟೇ ಸಮಾಧಾನ. 1975ರ ಶೆವ್ರೊಲೆ ಮೊಂಝಾ ಕಾರನ್ನು ಗಾತ್ರದಲ್ಲಿ ಚಿಕ್ಕದಾದ ರೋಟರಿ ಎಂಜಿನ್ನಿಗೆಂದು ಯೋಜಿಸಿದ್ದರು. ಆ ಎಂಜಿನ್ ಬರಲೇ ಇಲ್ಲ. ಅದರ ಜಾಗಕ್ಕೆ ವಿ-8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ತುರುಕಿದರು. ಆಮೇಲೆ ನೋಡಿದರೆ ಒಂದು ಪ್ಲಗ್ಗಿಗೆ ಕೈಯೇ ಹೋಗದು. ಎಂಜಿನ್ ಕೂತಿರುವ ಮೌಂಟ್ ಸಡಿಲಿಸಿ ಎಂಜಿನ್ನನ್ನೇ ಒಂದಿಷ್ಟು ಎತ್ತಿದರೆ ಮಾತ್ರ ಅದು ದರ್ಶನ ಕೊಡುತ್ತಿತ್ತು. ಪೋರ್ಶೆಯವರು 911ರ 964 ಮಾದರಿಯಲ್ಲಿ ಸಿಲಿಂಡರಿಗೆ ಎರಡರಂತೆ ಪ್ಲಗ್ ಇಟ್ಟರು. ಆರು ಸಿಲಿಂಡರಿಗೆ ಹನ್ನೆರಡು, ಅದರಲ್ಲಿ ಅರ್ಧ ಕಾರಿನ ಅಡಿಯಿಂದ ಬಿಚ್ಚಬೇಕು. ಅದನ್ನು ಮಲಗಿಕೊಂಡು ಮಾಡುವ ಕೆಲಸ ಎಂದು ಹೊಟ್ಟೆಕಿಚ್ಚು ಪಡುವವರು ಒಮ್ಮೆ ಮಲಗಿ ನೋಡಬಹುದು.

ಪ್ಲಗ್ಗಿನ ಜೊತೆಗೇ ನಾನು ಬದಲಿಸುವ, ಅದಕ್ಕೆ ವಿದ್ಯುತ್ ತರುವ ವೈರಿನದು ಬೇರೆಯೇ ಹಟ. ವೈರನ್ನು ಹಿಡಿದು ಎಳೆಯಬಾರದು, ಅದರ ತುದಿಯ ಕ್ಯಾಪನ್ನು ಹಿಡಿದು ಅತ್ತಿತ್ತ ತಿರುಚಿ ಎಳೆಯಬೇಕು ಎಂದು ಕೈಪಿಡಿ ಹೇಳುತ್ತದೆ. ಕ್ಯಾಪು ಎಕ್ಸಾಸ್ಟಿನ ಶಾಖಕ್ಕೆ ವರ್ಷಗಟ್ಟಲೆ ಬೆಂದು ಪ್ಲಗ್ಗಿನ ಪಿಂಗಾಣಿಗೆ ಕಚ್ಚಿಕೊಂಡಿರುತ್ತದೆ ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ತಿರುಚಿದರೆ ಅರ್ಧ ಕ್ಯಾಪು ಕೈಯಲ್ಲಿ, ಅರ್ಧ ಅಲ್ಲೇ. ಹೇಗೂ ಎಸೆಯುವುದೇ ತಾನೆ ಎಂದು ನಿರ್ದಯವಾಗಿ ಎಳೆಯಬಹುದು. ಹೊಸದನ್ನು ಹಾಕುವಾಗ ಕ್ಯಾಪಿನ ಒಳಬಾಯಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಮುಂದೊಮ್ಮೆ ಬಿಚ್ಚುವವನು ಹರಸುತ್ತಾನೆ. ಆ ಮುಂದಿನವನೂ ನಾನೇ ಆಗಿರುವುದರಿಂದ ಧಾರಾಳವಾಗಿಯೇ ಸವರುತ್ತೇನೆ.

ಇನ್ನೊಂದು ಮಾತು: ಎಲ್ಲ ವೈರುಗಳನ್ನು ಒಟ್ಟಿಗೆ ಕಿತ್ತು ಗುಡ್ಡೆ ಹಾಕುವವರಿಗೆ ನನ್ನ ಬಳಿ ಕರುಣೆಯಿಲ್ಲ. ಒಂದನ್ನು ತೆಗೆ, ಅದೇ ಉದ್ದದ ಹೊಸದನ್ನು ಹಾಕು, ಆಮೇಲೆ ಮುಂದಿನದು. ಇಲ್ಲವಾದರೆ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಂದೆ ನಿಂತು 1-8-4-3-6-5-7-2 ಎಂದು ಜಪಿಸಬೇಕಾಗುತ್ತದೆ. ಹಲವು ಅಮೆರಿಕನ್ ವಿ-8 ಎಂಜಿನ್ನುಗಳು ಕಿಡಿ ಹೊತ್ತಿಸುವ ಸರದಿ ಅದು. ಬೇರೆ ಕಂಪನಿಯ ವಿ-8ಕ್ಕೆ ಬೇರೆ ಜಪ. ಹಳೆಯ ವೈರು ನಿಜವಾಗಿ ಹೋಗಿದೆಯೇ ಎಂಬ ಅನುಮಾನವಿದ್ದರೆ ಕತ್ತಲಲ್ಲಿ ಎಂಜಿನ್ ಓಡಿಸುತ್ತ, ಕೈ ದೂರವಿಟ್ಟು, ನೀರಿನ ತುಂತುರು ಚಿಮುಕಿಸಿ ನೋಡಬೇಕು. ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ವೋಲ್ಟು ನಿರೋಧಕ ಸೀಳಿದ ಕಡೆಯಿಂದೆಲ್ಲ ನೀಲಿಯಾಗಿ ಹರಿದಾಡುತ್ತದೆ. ಕಾರಿಗೆ ಒಳ್ಳೆಯದಲ್ಲದ ಸಂಗತಿಗಳಲ್ಲಿ ಇಷ್ಟು ಚಂದದ್ದು ಇನ್ನೊಂದಿಲ್ಲ.

ಹೊಳಹಿನ ವಿಷಯಕ್ಕೆ ಬರುತ್ತೇನೆ. ಆದರೆ ಪ್ಲಗ್ ಎಂದೊಡನೆ ಯಾವ ಕಂಪನಿಯದು ಮೇಲು ಎಂಬ ಜಗಳ ಏಳುತ್ತದೆ. ಚಾಂಪಿಯನ್ ಪಕ್ಷದವರಿದ್ದಾರೆ, ಏಸಿ ಪಕ್ಷದವರಿದ್ದಾರೆ. ಇಬ್ಬರೂ ಒಬ್ಬರ ಬಾನೆಟ್ಟಿನೊಳಗೆ ಇನ್ನೊಬ್ಬರು ಇಣುಕಿ ಮೂಗು ಮುರಿಯುತ್ತಾರೆ. ಅವರ ಪಾಲಿಗೆ ನಾನು ಕಾದಿಟ್ಟುಕೊಂಡಿರುವ ಕಥೆಯೊಂದಿದೆ. ಆಲ್ಬರ್ಟ್ ಚಾಂಪಿಯನ್ ಎಂಬ ಪ್ಯಾರಿಸ್ಸಿನ ಹುಡುಗ 1899ರಲ್ಲಿ ಪ್ಯಾರಿಸ್–ರೂಬೇ ಸೈಕಲ್ ಓಟ ಗೆದ್ದ. ಆಗಿನ್ನೂ ಇಪ್ಪತ್ತೊಂದು ದಾಟದ ವಯಸ್ಸು. 260 ಕಿಲೋಮೀಟರ್ ಮೀರಿದ ದಾರಿ. ಗಮನಿಸಿ, ಸೈಕಲ್ಲು. ಪ್ಲಗ್ಗೇ ಬೇಕಿಲ್ಲದ ವಾಹನ! ಆಮೇಲೆ ಅಮೆರಿಕಕ್ಕೆ ಹೋದ. ಅಲ್ಲೂ ಓಡಿಸಿದ, ಬಿದ್ದ, ಎದ್ದ. 1905ರಲ್ಲಿ ಬಾಸ್ಟನ್ನಿನಲ್ಲಿ ಸ್ಟ್ರಾನಹನ್ ಸೋದರರ ಬೆಂಬಲದಿಂದ ತನ್ನ ಹೆಸರಿನ ಕಂಪನಿ ತೆರೆದ. 1908ರಲ್ಲಿ ಜನರಲ್ ಮೋಟಾರ್ಸ್ ಕಟ್ಟುತ್ತಿದ್ದ ವಿಲಿಯಂ ಡ್ಯುರಂಟ್ ಕರೆದಾಗ ಸೋದರರನ್ನು ಬಿಟ್ಟು ಮಿಶಿಗನ್ನಿನ ಫ್ಲಿಂಟಿಗೆ ಹೊರಟ. ಸೋದರರೇನೂ ಸುಮ್ಮನಿರಲಿಲ್ಲ, ಚಾಂಪಿಯನ್ ಎಂಬ ಹೆಸರನ್ನು ತಮ್ಮಲ್ಲೇ ಉಳಿಸಿಕೊಂಡರು. ತನ್ನ ಹೆಸರಿನಲ್ಲೇ ತಾನು ವ್ಯಾಪಾರ ಮಾಡುವಂತಿಲ್ಲವಾದ ಆ ಮನುಷ್ಯ ಕೊನೆಗೆ ಹೆಸರಿನ ಮೊದಲಕ್ಷರಗಳೆರಡನ್ನು ಹಿಡಿದುಕೊಂಡ: ಏ, ಸಿ.

ಅಂದರೆ ಎರಡು ಪೆಟ್ಟಿಗೆಗಳ ಮೇಲೂ ಇರುವುದು ಅವನೊಬ್ಬನೇ. ಅರ್ಧ ಶತಮಾನದಿಂದ ಒಬ್ಬನ ಹೆಸರಿನ ಪರವಾಗಿ ಅವನ ಮೊದಲಕ್ಷರಗಳ ಮೇಲೆ ಹಗೆ ಸಾಧಿಸಿಕೊಂಡು ಬಂದಿರುವ ಮಹನೀಯರನ್ನು ನಾನು ಬಲ್ಲೆ. ಅವರಿಗೆ ಈ ಕಥೆ ಹೇಳಿದಾಗ, "ಇರಬಹುದು, ಆದರೂ ಏಸಿ ಬೇಗ ಮಸಿ ಹಿಡಿಯುತ್ತದೆ" ಎಂದರು. 1927ರ ಮೇ ತಿಂಗಳಲ್ಲಿ ಅಮೆರಿಕದ ವಿಮಾನ ಚಾಲಕ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ ವಿಮಾನದಲ್ಲಿ ಇದ್ದದ್ದು ಏಸಿ ಪ್ಲಗ್ಗುಗಳೇ. ಒಂಬತ್ತು ಸಿಲಿಂಡರು, ಸಿಲಿಂಡರಿಗೆರಡು, ಒಟ್ಟು ಹದಿನೆಂಟು. ಮೂವತ್ತಮೂರು ಗಂಟೆ ಮೀರಿ ಓಡಿದವು. ವಿಮಾನ ಇಳಿದದ್ದು ಆಲ್ಬರ್ಟ್ ಹುಟ್ಟಿದ ಪ್ಯಾರಿಸ್ಸಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ತೀರಿಕೊಂಡದ್ದೂ ಅಲ್ಲೇ. ಇದನ್ನೂ ಹೇಳಿದೆ. "ವಿಮಾನದ ಮಾತು ಬೇರೆ" ಎಂದರು. ವಾದದಲ್ಲಿ ಸೋಲದವರ ಕಾರು ಸದಾ ಕಿಡಿ ತಪ್ಪಿ ಮಿಸ್ ಹೊಡೆಯುತ್ತಿರಲಿ ಎಂದು ನಾನು ಹಾರೈಸುವುದಿಲ್ಲ. ಹೊಡೆದಾಗ ಕಿವಿಗೆ ಹಿತವೆನಿಸುತ್ತದೆ, ಅಷ್ಟೆ.

ಇಂಥವರೇ ಬಿಚ್ಚಿಟ್ಟ ಹಳೆಯ ಪ್ಲಗ್ಗುಗಳನ್ನು ಕೇಳದೆಯೇ ಕೈಗೆತ್ತಿಕೊಂಡು ಭವಿಷ್ಯ ಹೇಳುವವರು. ತಿಳಿಕಂದು ಬಣ್ಣವಿದ್ದರೆ ಕ್ಷೇಮ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಿದ್ದರೆ ಶಾಖ ಹೆಚ್ಚು, ಎಣ್ಣೆಯ ಪಸೆಯಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿದೆ. ಇದೆಲ್ಲ ನಿಜವೇ. ಆದರೆ ಯಾವ ಪ್ಲಗ್ ಯಾವ ಸಿಲಿಂಡರಿನದೆಂದು ಗೊತ್ತಾಗಲೆಂದು ನಾನು ಸಾಲಾಗಿ ಜೋಡಿಸಿಟ್ಟಿರುತ್ತೇನೆ. ನೋಡಿದವರು ಎತ್ತಿದ ಜಾಗದಲ್ಲೇ ಇಡುವುದಿಲ್ಲ. ಐದನೆಯದು ಏಳನೆಯದರ ಪಕ್ಕ ಹೋಗಿ ಕುಳಿತ ಮೇಲೆ ಎಣ್ಣೆ ಕುಡಿಯುತ್ತಿರುವುದು ಯಾವ ಸಿಲಿಂಡರು ಎಂದು ಯಾರನ್ನು ಕೇಳಲಿ?

ಹೊಸ ಪ್ಲಗ್ಗನ್ನು ಕೂರಿಸುವ ವಿದ್ಯೆ ಮಾತ್ರ ನನಗೆ ಪ್ರಿಯವಾದದ್ದು. ಎಂಜಿನ್ ತಣ್ಣಗಿರಬೇಕು. ಪ್ಲಗ್ಗಿನ ತಲೆಗೆ ಒಂದು ಗೇಣು ರಬ್ಬರ್ ಪೈಪು ತೊಡಿಸಿ, ಪೈಪನ್ನೇ ಬೆರಳುಗಳಿಂದ ತಿರುಗಿಸಬೇಕು. ತಿರುಪಿನ ಗೆರೆ, ಅಂದರೆ ಥ್ರೆಡ್, ನೇರವಾಗಿ ಹಿಡಿದರೆ ಸಲೀಸಾಗಿ ಇಳಿಯುತ್ತದೆ. ಸೊಟ್ಟಗೆ ಹಿಡಿದರೆ ಪೈಪು ಜಾರುತ್ತದೆ, ಎಂಜಿನ್ನಿನ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಉಳಿಯುತ್ತದೆ. ಹಿಂದಿನ ಮೂಲೆಗೆ ಕಣ್ಣು ಹೋಗದಿದ್ದರೂ ಪೈಪು ಹೋಗುತ್ತದೆ. ಇಷ್ಟು ಅಗ್ಗದ, ಇಷ್ಟು ವಿವೇಕದ ಉಪಕರಣವನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ. ಮಾರುವುದು ಆ ರಬ್ಬರ್ ಬಳೆಯ ಸಾಕೆಟ್ಟನ್ನು.

ಕೆಲಸ ಮುಗಿದ ಮೇಲೆ ಎಲ್ಲರೂ ಕಾರು ಹೊಸದರಂತಾಯಿತು ಎನ್ನುತ್ತಾರೆ. ನನ್ನದು ಮೊದಲಿನಂತೆಯೇ ಇದೆ. ಒಂದಿಷ್ಟು ನಯವಾಗಿ ಗುರುಗುಡುತ್ತದೆ ಎಂದು ಮನೆಯವಳನ್ನು ಕರೆದು ಕೇಳಿಸಿದೆ. ಅವಳು ಗುರುಗುಡುವುದನ್ನು ಕೇಳುವ ಬದಲು, ನಾನು ಸುತ್ತಿ ಡಿಕ್ಕಿಯಲ್ಲಿಡುತ್ತಿದ್ದ ಹಳೆಯ ವೈರುಗಳನ್ನು ನೋಡಿದಳು.

"ಕೆಟ್ಟಿವೆ ಎಂದಲ್ಲವೇ ತೆಗೆದದ್ದು?"

"ಹೌದು."

"ಮತ್ತೆ ಯಾಕೆ ಇಡುತ್ತಿದ್ದೀರಿ?"

"ದಾರಿಯಲ್ಲಿ ಹೊಸದು ಕೈಕೊಟ್ಟರೆ ಬೇಕಾಗುತ್ತದೆ" ಎಂದೆ. ಅದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಈಗಲೂ ತಿಳಿದಿಲ್ಲ. ಎಂಟರಲ್ಲಿ ಕನಿಷ್ಠ ಐದಾದರೂ ಚೆನ್ನಾಗಿಯೇ ಇವೆ.