ಗಜ್ಜರಿ ರಸಕ್ಕೆ ಕಣ್ಣಿನ ಪೊರೆ ಕರಗುತ್ತದೆಯೇ?

‘ದಿನಾ ಒಂದು ಲೋಟ ಗಜ್ಜರಿ ರಸ ಕುಡಿಯಿರಿ, ಪೊರೆ ಕರಗುತ್ತದೆ, ಆಪರೇಷನ್ ಬೇಡ’ ಅನ್ನುವ ಮೆಸೇಜ್ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲೂ ಓಡಾಡುತ್ತದೆ.

ಕರಗುವುದಿಲ್ಲ. ಕಣ್ಣಿನೊಳಗಿನ ಮಸೂರದ ಪ್ರೋಟೀನ್ ಗಂಟುಕಟ್ಟಿ ಮಬ್ಬಾದ ಮೇಲೆ ಯಾವ ರಸವೂ ಅದನ್ನು ತಿಳಿ ಮಾಡದು. ದಾರಿ ಆಪರೇಷನ್ ಒಂದೇ. ಗಜ್ಜರಿ ನೆರವಾಗುವುದು ಎ ವಿಟಮಿನ್ ಕೊರತೆಯಿಂದ ಬರುವ ಇರುಳುಗಣ್ಣಿಗೆ.

ಹಾಗಂತ ಊಟಕ್ಕೂ ಕಣ್ಣಿಗೂ ಸಂಬಂಧವೇ ಇಲ್ಲ ಅಂತಲ್ಲ. ವಯಸ್ಸಾದಂತೆ ಕಣ್ಣಿನ ಹಿಂಬದಿಯ ಮ್ಯಾಕ್ಯುಲಾ ಸವೆಯುವ ಕಾಯಿಲೆಯೊಂದಿದೆ; ನೋಟದ ನಡುಭಾಗವೇ ಮಸುಕಾಗುತ್ತದೆ. ಸೊಪ್ಪಿನಲ್ಲಿರುವ ಲ್ಯೂಟಿನ್ ಎಂಬ ಹಳದಿ ಬಣ್ಣದ ಅಂಶ ಹೋಗಿ ಸೇರುವುದು ಆ ಜಾಗಕ್ಕೇ. ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಈ ಕಾಯಿಲೆಯ ಅಪಾಯ ಕಡಿಮೆ ಕಂಡುಬಂದಿದೆ. ನಮ್ಮ ಕಡೆ ರೊಟ್ಟಿ ಜೊತೆ ಹಸಿ ಮೆಂತೆ ಸೊಪ್ಪು, ಹಕ್ಕರಕಿ ಇರುತ್ತವಲ್ವಾ? ಮೇಲೆ ಗುರೆಳ್ಳು ಹಿಂಡಿ, ಒಂದಿಷ್ಟು ಶೇಂಗಾ ಎಣ್ಣೆ ಹಾಕಿಕೊಳ್ಳಿ. ಲ್ಯೂಟಿನ್ ಮೈಗೆ ಹತ್ತಲು ಜಿಡ್ಡು ಬೇಕು. (ರಸ ಸೋಸಿ ಕುಡಿಯುವುದಕ್ಕಿಂತ ಇದೇ ರುಚಿ ಬಿಡಿ.)

ಸುಮ್ನೆ ಲ್ಯೂಟಿನ್ ಗುಳಿಗೆ ನುಂಗಬೇಡಿ. 2013ರಲ್ಲಿ ಪ್ರಕಟವಾದ ಅಮೆರಿಕದ ಏರೆಡ್ಸ್-2 ಅಧ್ಯಯನದಲ್ಲಿ ದಿನಕ್ಕೆ 10 ಮಿ.ಗ್ರಾಂ ಲ್ಯೂಟಿನ್ ಕೊಟ್ಟರೂ ಒಟ್ಟಾರೆ ಪೊರೆ ಆಪರೇಷನ್ ಕಡಿಮೆಯಾಗಲಿಲ್ಲ. ಇಂಥ ಗುಳಿಗೆ ಮುಖ್ಯವಾಗಿ ಮ್ಯಾಕ್ಯುಲಾ ಕಾಯಿಲೆ ನಡು ಹಂತದಲ್ಲಿ ಇರುವವರಿಗೆ, ಅದೂ ಡಾಕ್ಟರು ಹೇಳಿದರೆ. ಬೀಡಿ-ಸಿಗರೇಟು ಸೇದುವವರಂತೂ ಬೀಟಾ ಕ್ಯಾರೋಟಿನ್ (ಮೈಯಲ್ಲಿ ಎ ವಿಟಮಿನ್ ಆಗುವ, ಗಜ್ಜರಿಯಲ್ಲಿರುವ ಅಂಶ) ಗುಳಿಗೆ ಮುಟ್ಟಲೇಬಾರದು, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ.