ಸತ್ಯಾಂಶ: ಅಮೆರಿಕದ ಕ್ಯಾಥೋಲಿಕ್ ಶಾಲೆಗಳ ಮೂರನೇ ತರಗತಿಯಲ್ಲಿ ಬೈಬಲ್ ಮಾತ್ರವೇ?

“ಅಮೆರಿಕದ ಕ್ಯಾಥೋಲಿಕ್ ಶಾಲೆಗಳಲ್ಲಿ ಮೂರನೇ ತರಗತಿಯವರಿಗೆ ದಿನವಿಡೀ ಬೈಬಲ್ ಪಾಠ, ವಿಜ್ಞಾನಕ್ಕೆ ಜಾಗವಿಲ್ಲ” ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವಲ್ಲ. ಧರ್ಮಬೋಧೆ ಅಲ್ಲಿ ನಿತ್ಯದ ಪಾಠವೇ ಆದರೂ ವೇಳಾಪಟ್ಟಿಯ ಹಲವು ವಿಷಯಗಳಲ್ಲಿ ಅದೂ ಒಂದು, ಅಷ್ಟೆ. ಕಾಗದದ ಪಟ್ಟಿಯನ್ನು ನಾಲ್ಕಾಗಿ ಮಡಚಿ, ಮೂರು ಮಡಿಕೆಗೆ ಬಣ್ಣ ಹಚ್ಚಿ ಮುಕ್ಕಾಲು ಎಂದರೇನೆಂದು ತಿಳಿಯುವ ಎಂಟು ವರ್ಷದ ಮಕ್ಕಳು, ಗುಣಾಕಾರ, ಭಾಗಾಕಾರ, ಕಪ್ಪೆ-ಚಿಟ್ಟೆಗಳ ಜೀವನಚಕ್ರ, ನಕ್ಷೆ ಓದುವುದು ಇವೆಲ್ಲವನ್ನೂ ಸರ್ಕಾರಿ ಶಾಲೆಯ ಮಕ್ಕಳಂತೆಯೇ ಕಲಿಯುತ್ತಾರೆ. ಸಂದೇಶ ಹೇಳುವ ‘ಮೂರನೇ ತರಗತಿಯ ಪ್ರಥಮ ಪರಮಪ್ರಸಾದ’ವೂ (ಪೂಜೆಯಲ್ಲಿ ಆಶೀರ್ವದಿಸಿದ ರೊಟ್ಟಿಯನ್ನು ಮಗು ಮೊದಲ ಬಾರಿಗೆ ಸ್ವೀಕರಿಸುವ ಸಂಸ್ಕಾರ) ಸಾಮಾನ್ಯವಾಗಿ ಎರಡನೇ ತರಗತಿಯಲ್ಲೇ ಮುಗಿದಿರುತ್ತದೆ, ಅನ್ಯಧರ್ಮೀಯ ಮಕ್ಕಳು ಧರ್ಮಬೋಧೆಯ ತರಗತಿಯಲ್ಲಿ ಕುಳಿತರೂ ಆ ಸಂಸ್ಕಾರ ಅವರಿಗಿಲ್ಲ. ಇನ್ನು ವಿಜ್ಞಾನ ವಿರೋಧದ ಮಾತು: ಮಾನವ ದೇಹದ ವಿಕಾಸದ ಕುರಿತ ಸಂಶೋಧನೆಗೆ ಕ್ಯಾಥೋಲಿಕ್ ಧರ್ಮಸಭೆಯ (ಚರ್ಚ್‌ನ) ನಿಷೇಧವಿಲ್ಲವೆಂದು ಪೋಪ್ ಹನ್ನೆರಡನೇ ಪಯಸ್ 1950ರಲ್ಲೇ ಬರೆದಿದ್ದರು.